ಅಂಗಡಿಯ ಮಿಠಾಯಿ, ಮನೆಯ ಕ್ರಿಸ್‌ಮಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಡಿಸೆಂಬರ್ ತಿಂಗಳ ಈ ಅಂಕಣಕ್ಕೆ ಬಂದ ಪತ್ರಗಳನ್ನು ವಿಂಗಡಿಸಿದಾಗ ಕೇಕಿನ ಕುರಿತಾದವು ಎಂದಿನಂತೆ ಇದ್ದವು; ಆದರೆ ಅವುಗಳಿಗಿಂತ ದೊಡ್ಡ ಕಟ್ಟು ಬೇರೆಯದೇ ಆಗಿತ್ತು. ಸಿದ್ಧವಾಗಿ ಸಿಗುವ ಚಾಕಲೇಟು, ಪೆಪ್ಪರಮೆಂಟು, ಚಿಕ್ಕಿ, ಜೆಲ್ಲಿಗಳನ್ನೇ ಬಳಸಿ ಹಬ್ಬಕ್ಕೆ ಒಪ್ಪುವಂಥ ತಿನಿಸು ಮಾಡುವುದು ಹೇಗೆ ಎಂಬುದು ಅವರೆಲ್ಲರ ಪ್ರಶ್ನೆ. ಹಬ್ಬ ಆಚರಿಸುವವರೂ ಬರೆದಿದ್ದಾರೆ, ನೆರೆಮನೆಯ ಹಬ್ಬಕ್ಕೆ ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲದವರೂ ಬರೆದಿದ್ದಾರೆ.

ಉತ್ತರಗಳಿಗೆ ಮುನ್ನ ಒಂದು ಮಾತು. ಅಂಗಡಿಯ ಮಿಠಾಯಿಗಳು ನೂರು ಬಗೆಯವಾದರೂ ನಮ್ಮ ಕೆಲಸಕ್ಕೆ ಎರಡೇ ಜಾತಿ: ಕೊಬ್ಬಿನ ಬಲದಿಂದ ಗಟ್ಟಿಯಾಗಿ ನಿಂತವು ಮತ್ತು ಸಕ್ಕರೆಯ ಬಲದಿಂದ ನಿಂತವು. ಚಾಕಲೇಟು ಮೊದಲನೆಯ ಜಾತಿ; ಅದಕ್ಕೆ ಆಗದ್ದು ನೀರಿನ ಹನಿ ಮತ್ತು ಅತಿಯಾದ ಬಿಸಿ. ಪೆಪ್ಪರಮೆಂಟು, ಚಿಕ್ಕಿ, ಬತ್ತಾಸುಗಳು ಎರಡನೆಯ ಜಾತಿ. ಅವುಗಳಿಗೆ ಆಗದ್ದು ಗಾಳಿಯಲ್ಲಿರುವ ತೇವ. ನೀವು ಬರೆದಿರುವ ಎಡವಟ್ಟುಗಳಲ್ಲಿ ಬಹುಪಾಲು, ಕೈಯಲ್ಲಿರುವುದು ಯಾವ ಜಾತಿಯದು ಎಂದು ಗಮನಿಸದೆ ಆದವು.

ಪ್ರಶ್ನೆ: ನಮ್ಮದು ಮಂಗಳೂರಿನ ಕೆಥೋಲಿಕ್ ಕುಟುಂಬ. ಅತ್ತೆಯವರು ಇದ್ದಷ್ಟು ಕಾಲ ಡಿಸೆಂಬರ್ ನಡುವಿನಲ್ಲೇ ಕುಸ್ವಾರ್ ಕೆಲಸ ಶುರುವಾಗುತ್ತಿತ್ತು. ಈಗ ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ತಟ್ಟೆಯಲ್ಲಿ ಅಂಗಡಿಯ ಮಿಠಾಯಿಯಿಂದ ಮಾಡಿದ್ದನ್ನು ಇಟ್ಟು ನೆರೆಯವರಿಗೆ ಹಂಚಿದರೆ ತಪ್ಪಾದೀತೇ?

ಉತ್ತರ: ಕುಸ್ವಾರ್ ಎಂಬುದು ಒಂದು ತಿನಿಸಿನ ಹೆಸರಲ್ಲ, ತಟ್ಟೆಗೆಲ್ಲ ಸೇರಿದ ಹೆಸರು. ಕಿಡ್ಯೊ, ನೆವ್ರ್ಯೊ, ಗುಳಿಯೊ, ಕೊಕ್ಕಿಸಾಂಗಳ ಪಕ್ಕದಲ್ಲಿ ಬೇಕರಿಯಿಂದ ತಂದ ಕೇಕಿನ ತುಂಡು ಕುಳಿತು ಎಷ್ಟೋ ಕಾಲವಾಯಿತು. ಅದನ್ನು ಕಂಡು ಯಾರೂ ಹುಬ್ಬು ಗಂಟಿಕ್ಕಿದ್ದಿಲ್ಲ. ಹಾಗಿರುವಾಗ ಇನ್ನೆರಡು ಪದಾರ್ಥಗಳು ಅಂಗಡಿಯ ಸಹಾಯದಿಂದ ಬಂದರೆ ಅದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಎಲ್ಲವನ್ನೂ ಬಿಡಬೇಡಿ. ಒಂದನ್ನು ಕೈಯಿಂದಲೇ ಮಾಡಿ. ಆ ಒಂದು ಕಿಡ್ಯೊ ಆಗಿರಲಿ. ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಮಾಡುವುದು ಮಕ್ಕಳೂ ಕೂತು ಮಾಡಬಹುದಾದ ಕೆಲಸ, ಮತ್ತು ಅತ್ತೆಯವರ ನೆನಪು ತಟ್ಟೆಯಲ್ಲಿ ಉಳಿಯುವುದು ಅದರಿಂದಲೇ.

ಉಳಿದ ಜಾಗಕ್ಕೆ ನಾನು ಶಿಫಾರಸು ಮಾಡುವುದು ಚಾಕಲೇಟು ಹೊದಿಸಿದ ಕಡಲೆ ಮಿಠಾಯಿಯನ್ನು. ಚೌಕಾಕಾರದ ಕಡಲೆ ಮಿಠಾಯಿ 250 ಗ್ರಾಂ, ಡಾರ್ಕ್ ಕಾಂಪೌಂಡ್ ಚಾಕಲೇಟು ಸುಮಾರು 200 ಗ್ರಾಂ ಸಾಕು. ಮಿಠಾಯಿಯನ್ನು ಮುರಿದಾಗ ಚಟ್ಟೆಂದು ಸದ್ದಾಗಬೇಕು. ಬಾಗಿದರೆ ಅದಾಗಲೇ ತೇವ ಕುಡಿದಿದೆ ಎಂದು ತಿಳಿದು ಬೇರೆ ಪೊಟ್ಟಣ ಒಡೆಯಿರಿ. ಕರಗಿಸಿದ ಚಾಕಲೇಟಿನಲ್ಲಿ ಒಂದೊಂದೇ ತುಂಡನ್ನು ಮುಳುಗಿಸಿ, ಫೋರ್ಕಿನಿಂದ ಎತ್ತಿ, ಬಟ್ಟಲಿನ ಅಂಚಿಗೆ ಎರಡು ಸಲ ತಟ್ಟಿ, ಬೆಣ್ಣೆ ಕಾಗದದ ಮೇಲೆ ಇಡಿ. ಚಾಕಲೇಟು ಆರುವ ಮೊದಲು ಮೇಲೆ ಚಿಟಿಕೆಗಿಂತಲೂ ಕಡಿಮೆ ಪುಡಿ ಮಾಡಿದ ಕಲ್ಲುಪ್ಪನ್ನು ಉದುರಿಸಿದರೆ ಬೆಲ್ಲ, ಕಡಲೆಕಾಯಿ ಮತ್ತು ಕೋಕೋ ಮೂರರ ರುಚಿಯೂ ಎದ್ದು ಬರುತ್ತದೆ. ಘಟ್ಟದ ಮೇಲಿನವರು ಅಂದಕ್ಕಾಗಿ ಅರ್ಧ ಭಾಗವನ್ನಷ್ಟೇ ಅದ್ದಿದರೂ ನಡೆಯುತ್ತದೆ. ನೀವು ಪೂರ್ತಿ ಅದ್ದಿರಿ. ಕರಾವಳಿಯ ಗಾಳಿ ಬೆಲ್ಲದ ಪಾಕವನ್ನು ಬಿಡುವುದಿಲ್ಲ, ಆದರೆ ಕೊಬ್ಬಿನ ಹೊದಿಕೆಯನ್ನು ದಾಟುವುದು ಅದಕ್ಕೆ ಸುಲಭವಲ್ಲ.

ಹಂಚುವ ಪೆಟ್ಟಿಗೆಯಲ್ಲಿ ಕೇಕಿನ ತುಂಡನ್ನೂ ಮಿಠಾಯಿ, ಕಿಡ್ಯೊಗಳನ್ನೂ ಒಟ್ಟಿಗೆ ತುಂಬಬೇಡಿ. ಕೇಕಿನಲ್ಲಿರುವ ತೇವ ರಾತ್ರಿ ಬೆಳಗಾಗುವುದರೊಳಗೆ ಗರಿಗರಿ ಪದಾರ್ಥಗಳಿಗೆ ದಾಟುತ್ತದೆ. ಕೇಕು ಒಣಗುತ್ತದೆ, ಕಿಡ್ಯೊ ಮೆತ್ತಗಾಗುತ್ತದೆ, ಎರಡೂ ಕೆಡುತ್ತವೆ. ಕೇಕನ್ನು ಪ್ರತ್ಯೇಕವಾಗಿ ಸುತ್ತಿ ಮೇಲೆ ಇಟ್ಟರೆ ಸಾಕು.

ಪ್ರಶ್ನೆ: ಕಳೆದ ವರ್ಷ ಮಗಳ ಗೆಳತಿಯರಿಗೆಂದು ಚಾಕಲೇಟು ಕರಗಿಸಲು ಹೊರಟೆ. ಕರಗುತ್ತಾ ಇದ್ದದ್ದು ಇದ್ದಕ್ಕಿದ್ದಂತೆ ಮರಳು ಮರಳಾದ ಮುದ್ದೆಯಾಗಿಬಿಟ್ಟಿತು. ಅರ್ಧ ಕಿಲೋ ಎಸೆದೆ. ಎಲ್ಲಿ ತಪ್ಪಿದೆ? (ದಾವಣಗೆರೆ)

ಉತ್ತರ: ಎಸೆದದ್ದೊಂದೇ ತಪ್ಪು ಎಂದು ಮೊದಲಿಗೆ ಹೇಳಬೇಕು, ಏಕೆಂದರೆ ಅದು ಉಳಿಯಬಲ್ಲ ಪದಾರ್ಥವಾಗಿತ್ತು. ಮುದ್ದೆಯಾಗಲು ಕಾರಣ ಬಹುತೇಕ ಖಚಿತವಾಗಿ ನೀರು. ಚಾಕಲೇಟು ನೋಡಲು ದ್ರವವಾದಾಗಲೂ ಒಳಗೆ ಒಣ ಪದಾರ್ಥವೇ; ಸಕ್ಕರೆ ಮತ್ತು ಕೋಕೋದ ಸೂಕ್ಷ್ಮ ಪುಡಿ ಕೊಬ್ಬಿನಲ್ಲಿ ತೇಲುತ್ತಿರುತ್ತದೆ. ಸಕ್ಕರೆ ಡಬ್ಬಿಗೆ ಒದ್ದೆ ಚಮಚ ಹಾಕಿದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು: ಗಂಟು ಕಟ್ಟುತ್ತದೆ. ಅದೇ ಡಬ್ಬಿಗೆ ಲೋಟದಷ್ಟು ನೀರು ಸುರಿದರೆ ಗಂಟಿಲ್ಲ, ಪಾಕವಾಗುತ್ತದೆ. ಚಾಕಲೇಟಿನಲ್ಲಿಯೂ ಇದೇ ನಡೆಯುತ್ತದೆ. ನಾಲ್ಕು ಹನಿ ಕೆಡಿಸುತ್ತದೆ, ನಾಲ್ಕು ಚಮಚ ಕಾಪಾಡುತ್ತದೆ.

ಆದ್ದರಿಂದ ಇನ್ನೊಮ್ಮೆ ಹಾಗಾದರೆ ಒಲೆಯಿಂದ ಇಳಿಸಿ, ಬಿಸಿ ಹಾಲನ್ನೋ ಕ್ರೀಮನ್ನೋ ಒಂದೊಂದು ಚಮಚದಂತೆ ಹಾಕುತ್ತಾ ನಿಧಾನವಾಗಿ ಕಲಕಿರಿ. ಮೊದಲ ಎರಡು ಚಮಚಕ್ಕೆ ಇನ್ನಷ್ಟು ಕೆಟ್ಟಂತೆ ಕಾಣುತ್ತದೆ. ಹೆದರದೆ ಮುಂದುವರಿಸಿದರೆ ಹೊಳಪು ಮರಳಿ ಬರುತ್ತದೆ. ಅದು ಮತ್ತೆ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವ ಚಾಕಲೇಟು ಆಗಲಾರದು, ಆದರೆ ಫ್ರಿಜ್ಜಿನಲ್ಲಿ ಎರಡು ಗಂಟೆ ಇಟ್ಟು ನಿಂಬೆಕಾಯಿ ಗಾತ್ರದ ಉಂಡೆ ಕಟ್ಟಿ, ಕೋಕೋ ಪುಡಿಯಲ್ಲೋ ಹುರಿದ ಕೊಬ್ಬರಿ ತುರಿಯಲ್ಲೋ ಹೊರಳಿಸಿದರೆ ಟ್ರಫಲ್ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರುವ ಪದಾರ್ಥವೇ ನಿಮ್ಮ ತಟ್ಟೆಯಲ್ಲಿರುತ್ತದೆ. ಕೆಡಿಸಿಕೊಳ್ಳದೆ ಉದ್ದೇಶಪೂರ್ವಕವಾಗಿಯೇ ಮಾಡುವುದಾದರೆ 200 ಗ್ರಾಂ ಡಾರ್ಕ್ ಚಾಕಲೇಟಿಗೆ 100 ಮಿಲಿಲೀಟರ್ ಕ್ರೀಮ್ ಲೆಕ್ಕ.

ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಿ. ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲು ಇಟ್ಟು ಕರಗಿಸುವಾಗ ಬಟ್ಟಲು ಚಿಕ್ಕದಾದರೆ ಸುತ್ತಲಿನ ಸಂದಿಯಿಂದ ಆವಿ ಎದ್ದು ಒಳಗೆ ಬೀಳುತ್ತದೆ. ಬಟ್ಟಲು ಪಾತ್ರೆಯ ಬಾಯಿಗಿಂತ ಅಗಲವಾಗಿರಬೇಕು, ಅದರ ತಳ ನೀರಿಗೆ ತಾಗಬಾರದು. ತಟ್ಟೆ ಮುಚ್ಚಿದರೆ ಮುಚ್ಚಳದ ಬೆವರು ತೊಟ್ಟಿಕ್ಕುತ್ತದೆ. ಮರದ ಚಮಚ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ನೀರು ಬಿಸಿಯಾದ ಕೂಡಲೇ ಒಲೆ ಆರಿಸಿ, ಆ ಕಾವಿನಲ್ಲೇ ಕರಗಲು ಬಿಡುವುದು ಎಲ್ಲಕ್ಕಿಂತ ಸುರಕ್ಷಿತ. ಮೈಕ್ರೋವೇವ್ ಇದ್ದರೆ ಮೊದಲು 30 ಸೆಕೆಂಡು, ಆಮೇಲೆ 15 ಸೆಕೆಂಡಿನಂತೆ, ಪ್ರತಿ ಸಲವೂ ಹೊರತೆಗೆದು ಕಲಕುತ್ತಾ ಕರಗಿಸಿ. ತುಂಡುಗಳ ಆಕಾರ ಹಾಗೆಯೇ ಇದ್ದರೂ ಒಳಗೆ ಕರಗಿರುತ್ತದೆ, ಕಣ್ಣನ್ನು ನಂಬಬೇಡಿ.

ಪ್ರಶ್ನೆ: ಮನೆಯಲ್ಲಿ ಅಚ್ಚಿಗೆ ಹೊಯ್ದ ಚಾಕಲೇಟಿನ ಮೇಲೆ ಎರಡೇ ದಿನದಲ್ಲಿ ಬೂಷ್ಟು ಹಿಡಿದಂತೆ ಬಿಳಿ ಮಚ್ಚೆ ಬಂತು. ತಿನ್ನಬಹುದೇ? ಅಂಗಡಿಯ ಹೊಳಪು ಮನೆಯಲ್ಲಿ ಏಕೆ ಬರುವುದಿಲ್ಲ? (ಬೆಂಗಳೂರು)

ಉತ್ತರ: ತಿನ್ನಬಹುದು, ಅದು ಬೂಷ್ಟಲ್ಲ. ಬೆರಳಿನಿಂದ ಉಜ್ಜಿ ನೋಡಿ. ನುಣ್ಣಗಿದ್ದು ಬೆರಳಿನ ಬಿಸಿಗೆ ಮಾಯವಾದರೆ ಅದು ಮೇಲಕ್ಕೆ ಬಂದ ಕೋಕೋ ಬೆಣ್ಣೆ. ತರಿತರಿಯಾಗಿ ಕೈಗೆ ತಾಗಿದರೆ ಅದು ಸಕ್ಕರೆ. ಫ್ರಿಜ್ಜಿನಿಂದ ತೆಗೆದ ಚಾಕಲೇಟಿನ ಮೇಲೆ ಹನಿ ಕೂತು, ಸಕ್ಕರೆಯನ್ನು ಕರಗಿಸಿ, ಆರಿದಾಗ ಉಳಿದ ಕಲೆ.

ನಿಮ್ಮದು ಮೊದಲನೆಯದೆಂದು ಪತ್ರದ ವಿವರದಿಂದ ಊಹಿಸುತ್ತೇನೆ, ಏಕೆಂದರೆ ನೀವು ಬಳಸಿರುವುದು ಕೋಕೋ ಬೆಣ್ಣೆಯ ನಿಜವಾದ ಚಾಕಲೇಟು. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನಾಲಿಗೆಯ ಮೇಲೆ ಇಟ್ಟೊಡನೆ ಜಾರುವುದು ಅದರಿಂದಲೇ. ಆದರೆ ಅದು ಮರಳಿ ಗಟ್ಟಿಯಾಗುವಾಗ ಹಲವು ರೀತಿಯ ಹರಳುಗಳಾಗಿ ಕಟ್ಟಬಲ್ಲದು, ಅವುಗಳಲ್ಲಿ ಒಂದು ರೀತಿಯ ಹರಳಿಗೆ ಮಾತ್ರ ಹೊಳಪೂ ಚಟ್ಟೆಂದು ಮುರಿಯುವ ಗುಣವೂ ಇರುತ್ತದೆ. ಆ ಹರಳನ್ನೇ ಕಟ್ಟಿಸುವ ಕ್ರಮವನ್ನು ಟೆಂಪರಿಂಗ್ ಎನ್ನುತ್ತಾರೆ. ಮನೆಗೆ ಸುಲಭವಾದ ವಿಧಾನ ಹೀಗಿದೆ: ಡಾರ್ಕ್ ಚಾಕಲೇಟಿನ ಮೂರು ಪಾಲಿನಲ್ಲಿ ಎರಡು ಪಾಲನ್ನು 45 ಡಿಗ್ರಿಯವರೆಗೆ ಕರಗಿಸಿ ಕೆಳಗಿಳಿಸಿ, ಉಳಿದ ಒಂದು ಪಾಲನ್ನು ಸಣ್ಣಗೆ ಹೆಚ್ಚಿ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ 31ರಿಂದ 32 ಡಿಗ್ರಿಗೆ ಬರುವವರೆಗೆ ಕಲಕುತ್ತಿರಬೇಕು. ಕರಗದೆ ಇದ್ದ ಚಾಕಲೇಟಿನಲ್ಲಿ ಒಳ್ಳೆಯ ಹರಳು ಮೊದಲೇ ಇರುತ್ತದೆ, ಅದು ಹೆಪ್ಪಿನಂತೆ ಕೆಲಸ ಮಾಡುತ್ತದೆ. ಹಾಲಿಗೆ ಹೆಪ್ಪು ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ: ಹಾಲು ತೀರಾ ಬಿಸಿಯಿದ್ದರೆ ಹೆಪ್ಪು ಸಾಯುತ್ತದೆ, ಇಲ್ಲಿಯೂ ಅಷ್ಟೇ. ಹಾಲಿನ ಚಾಕಲೇಟಿಗೆ 29ರಿಂದ 30, ಬಿಳಿಯದಕ್ಕೆ 28ರಿಂದ 29 ಡಿಗ್ರಿ ಸಾಕು.

ಥರ್ಮಾಮೀಟರ್ ಇಲ್ಲದವರು, ವರ್ಷಕ್ಕೊಮ್ಮೆ ಮಾತ್ರ ಮಾಡುವವರು ಈ ಗೋಜಿಗೆ ಹೋಗಬೇಕಿಲ್ಲ. ಕಾಂಪೌಂಡ್ ಎಂದು ಮಾರುವ ಚಾಕಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುವುದರಿಂದ ಕರಗಿಸಿ ಹೊಯ್ದರೆ ಸಾಕು, ತಾನಾಗಿ ಗಟ್ಟಿಯಾಗುತ್ತದೆ. ರುಚಿಯಲ್ಲಿ ಅದು ಒಂದು ಮೆಟ್ಟಿಲು ಕೆಳಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಕೊಬ್ಬು ಅಂಗುಳಕ್ಕೆ ಮೆತ್ತಿಕೊಂಡಂತಾಗುತ್ತದೆ. ಅದಕ್ಕಾಗಿಯೇ ನಾನು ಕಾಂಪೌಂಡನ್ನು ಕಡಲೆ ಮಿಠಾಯಿ, ಬಿಸ್ಕತ್ತು, ಒಣಹಣ್ಣುಗಳ ಹೊದಿಕೆಗೆ ಮಾತ್ರ ಬಳಸುತ್ತೇನೆ, ಬರಿಯ ಚಾಕಲೇಟಾಗಿ ತಿನ್ನಲು ಕೊಡುವುದಿಲ್ಲ. ಎರಡನ್ನೂ ಬೆರೆಸಿ ಕರಗಿಸುವ ಜಾಣತನ ಮಾತ್ರ ಬೇಡ. ಎರಡು ಕೊಬ್ಬುಗಳಿಗೆ ಹೊಂದಿಕೆಯಾಗದೆ ಮೆತ್ತಗೆ ಉಳಿಯುತ್ತದೆ, ಬಿಳಿ ಮಚ್ಚೆಯೂ ಬೇಗ ಬರುತ್ತದೆ.

ಪ್ರಶ್ನೆ: ಪೆಪ್ಪರಮೆಂಟು ಕರಗಿಸಿ ಬಣ್ಣದ ಗಾಜಿನ ಕಿಟಕಿಯಂತೆ ಕಾಣುವ ಬಿಸ್ಕತ್ತು ಮಾಡುತ್ತಾರಂತೆ. ವಿಧಾನ ತಿಳಿಸಿ. (ಮೈಸೂರು)

ಉತ್ತರ: ಬಣ್ಣದ ಗಾಜಿನ ಕಿಟಕಿಗಳನ್ನು ನೋಡಬೇಕೆಂದರೆ ನಿಮ್ಮ ಊರಿನ ಸಂತ ಫಿಲೋಮಿನಾ ಚರ್ಚಿಗಿಂತ ಬೇರೆ ಜಾಗ ಹುಡುಕಬೇಕಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಆ ಚರ್ಚಿನ ಕಿಟಕಿಗಳಲ್ಲಿ ಯೇಸುವಿನ ಜನನದ ಚಿತ್ರವೂ ಇದೆ. ಒಮ್ಮೆ ಹಗಲು ಹೊತ್ತಿನಲ್ಲಿ ಒಳಗೆ ಹೋಗಿ ನಿಂತು ನೋಡಿ ಬನ್ನಿ: ಬಣ್ಣ ಗಾಜಿನದಾದರೂ ಅದನ್ನು ತೋರಿಸುವುದು ಹಿಂದಿನಿಂದ ಬರುವ ಬೆಳಕು. ಈ ಬಿಸ್ಕತ್ತಿನ ಗುಟ್ಟೂ ಅದೇ, ಹಾಗಾಗಿ ಪಾರದರ್ಶಕವಾದ ಪೆಪ್ಪರಮೆಂಟನ್ನೇ ಆರಿಸಬೇಕು. ಹಾಲು ಹಾಕಿದ ಟಾಫಿ ಕಂದು ಬಣ್ಣಕ್ಕೆ ತಿರುಗಿ ಮಂಕಾಗುತ್ತದೆ. ಮೇಲೆ ಸಕ್ಕರೆ ಹರಳು ಉದುರಿಸಿದ ನಿಂಬೆಹುಳಿ ಬಾಲ್ಯದ ಪ್ರೀತಿಯ ತಿನಿಸಾದರೂ ಇಲ್ಲಿ ಒದಗುವುದಿಲ್ಲ. ಆ ಹರಳುಗಳು ಕರಗದೆ ಉಳಿದು ಗಾಜು ಮಸುಕಾಗುತ್ತದೆ.

ಮೈದಾ 200 ಗ್ರಾಂ, ತಣ್ಣನೆಯ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ ಸ್ವಲ್ಪ. ಬೆರಳ ತುದಿಯಿಂದ ಉಜ್ಜಿ ರವೆಯಂತೆ ಮಾಡಿಕೊಂಡು, ಒಂದೆರಡು ಚಮಚ ಹಾಲಿನಲ್ಲಿ ಹಿಟ್ಟನ್ನು ಕೂಡಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಚಪಾತಿಗಿಂತ ದಪ್ಪವಾಗಿ, ಸುಮಾರು ಅರ್ಧ ಸೆಂಟಿಮೀಟರ್ ಇರುವಂತೆ ಲಟ್ಟಿಸಿ, ನಕ್ಷತ್ರದ ಆಕಾರದಲ್ಲಿ ಕತ್ತರಿಸಿ, ಅದರ ನಡುವೆ ಬಾಟಲಿಯ ಮುಚ್ಚಳದಿಂದ ಒಂದು ತೂತು ಮಾಡಿ. ಬೆಣ್ಣೆ ಕಾಗದ ಹಾಸಿದ ತಟ್ಟೆಯಲ್ಲಿ ಜೋಡಿಸಿ 170 ಡಿಗ್ರಿಯಲ್ಲಿ ಎಂಟು ನಿಮಿಷ ಬೇಯಿಸಿದ ಮೇಲೆ ಹೊರತೆಗೆದು, ದಪ್ಪ ಬಟ್ಟೆಯಲ್ಲಿ ಸುತ್ತಿ ಕುಟ್ಟಿದ ಪೆಪ್ಪರಮೆಂಟಿನ ಚೂರನ್ನು ತೂತಿನೊಳಗೆ ಅಂಚಿನ ಮಟ್ಟಕ್ಕೆ ತುಂಬಿ. ಗುಡ್ಡೆ ಹಾಕಿದರೆ ಉಕ್ಕಿ ಹರಿಯುತ್ತದೆ. ಮತ್ತೆ ನಾಲ್ಕೈದು ನಿಮಿಷ ಒಳಗಿಟ್ಟು, ಚೂರುಗಳು ಕರಗಿ ಸಣ್ಣ ಗುಳ್ಳೆ ಏಳತೊಡಗಿದ ಕ್ಷಣವೇ ತೆಗೆಯಿರಿ. ಇನ್ನೂ ಬಿಟ್ಟರೆ ಕೆಂಪು ಕಂದಾಗುತ್ತದೆ, ಹಸಿರು ಕೊಳೆಯಂತೆ ಕಾಣುತ್ತದೆ. ಆಮೇಲೆ ಅರ್ಧ ಗಂಟೆ ಮುಟ್ಟಬಾರದು. ಕರಗಿದ ಸಕ್ಕರೆ ಕುದಿಯುವ ನೀರಿಗಿಂತ ಬಹಳ ಬಿಸಿ, ಮತ್ತು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮಕ್ಕಳಿಗೆ ಕುಟ್ಟುವ, ತುಂಬುವ ಕೆಲಸ ಕೊಡಿ. ಒಲೆಯಿಂದ ತೆಗೆಯುವ ಕೆಲಸ ಬೇಡ.

ಈ ಬಿಸ್ಕತ್ತಿನ ಜೊತೆ ನನಗಾದ ಮಾನಭಂಗವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಮನೆಯಲ್ಲಿ ಚೆನ್ನಾಗಿ ಬಂದದ್ದನ್ನು ನಂಬಿ, ಒಂದು ವರ್ಷ ಕರಾವಳಿಯ ನಾದಿನಿಯ ಮನೆಯಲ್ಲಿ ಮೂವತ್ತು ಬಿಸ್ಕತ್ತು ಮಾಡಿ, ದಾರ ಪೋಣಿಸಿ, ಕಿಟಕಿಯ ಪಕ್ಕದ ಕ್ರಿಸ್‌ಮಸ್ ಮರಕ್ಕೆ ತೂಗುಹಾಕಿದೆ. ರಾತ್ರಿ ದೀಪದ ಸರದ ಬೆಳಕಿನಲ್ಲಿ ಎಲ್ಲರೂ ಹೊಗಳಿದರು. ಬೆಳಗ್ಗೆ ಎದ್ದು ನೋಡಿದರೆ ಗಾಜುಗಳೆಲ್ಲ ಕಣ್ಣೀರಿನಂತೆ ಉದ್ದುದ್ದ ಇಳಿದಿದ್ದವು, ನೆಲದ ರತ್ನಗಂಬಳಿಗೆ ಕೆಂಪು ಹನಿ ತೊಟ್ಟಿಕ್ಕಿತ್ತು, ಮತ್ತು ಹಿತ್ತಲ ಬಾಗಿಲಿನಿಂದ ಮರದ ತುದಿಯವರೆಗೆ ಇರುವೆಗಳ ಮೆರವಣಿಗೆ ಹೊರಟಿತ್ತು. ಪೆಪ್ಪರಮೆಂಟು ಎಂದರೆ ಸುಮಾರು 150 ಡಿಗ್ರಿಯವರೆಗೆ ಕುದಿಸಿ ನೀರನ್ನೆಲ್ಲ ಓಡಿಸಿದ ಸಕ್ಕರೆ. ಕಳೆದುಕೊಂಡ ನೀರನ್ನು ಗಾಳಿಯಿಂದ ಮರಳಿ ಪಡೆಯಲು ಅದು ಸದಾ ಕಾಯುತ್ತಿರುತ್ತದೆ. ಮೈಸೂರಿನ ಡಿಸೆಂಬರ್ ನಿಮಗೆ ಅಷ್ಟು ಕಷ್ಟ ಕೊಡಲಾರದು. ಆದರೂ ಆರಿದ ಕೂಡಲೇ ಬಿಗಿ ಡಬ್ಬಿಗೆ ಹಾಕಿ, ಪದರಗಳ ನಡುವೆ ಬೆಣ್ಣೆ ಕಾಗದ ಇಟ್ಟು, ತೂಗುಹಾಕುವುದಿದ್ದರೆ ಅತಿಥಿಗಳು ಬರುವ ದಿನದ ಸಂಜೆ ಮಾತ್ರ ಹೊರತೆಗೆಯಿರಿ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಶಾಲೆಯೊಂದರ ಶಿಕ್ಷಕಿ. ನಲವತ್ತು ಮಕ್ಕಳಿಂದ ಕ್ರಿಸ್‌ಮಸ್‌ಗೆ ಏನಾದರೂ ಮಾಡಿಸಬೇಕೆಂದಿದ್ದೇನೆ. ಒಲೆಯೂ ಇಲ್ಲ, ಓವನ್ನೂ ಇಲ್ಲ.

ಉತ್ತರ: ಐಸ್‌ಕ್ರೀಮ್ ಕೋನನ್ನು ತಲೆಕೆಳಗಾಗಿ ನಿಲ್ಲಿಸಿದರೆ ಅದೇ ಕ್ರಿಸ್‌ಮಸ್ ಮರ. ಖಾಲಿ ಕೋನುಗಳು ಬೇಕರಿ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತವೆ. ಚಾಕಲೇಟು ಹೊದಿಸುವ ಕೆಲಸವನ್ನು ಹಿಂದಿನ ಸಂಜೆ ಮನೆಯಲ್ಲೇ ಮುಗಿಸಿಕೊಳ್ಳಿ. ಒಂದು ಕೋನಿಗೆ 15ರಿಂದ 20 ಗ್ರಾಂ ಹಿಡಿದರೆ ನಲವತ್ತಕ್ಕೆ ಮುಕ್ಕಾಲು ಕಿಲೋ ಚಿಲ್ಲರೆ ಕಾಂಪೌಂಡ್ ಬೇಕಾಗುತ್ತದೆ. ಹಸಿರು ಮರವೇ ಬೇಕೆಂದರೆ ಬಿಳಿ ಕಾಂಪೌಂಡಿಗೆ ಬಣ್ಣ ಬೆರೆಸಬೇಕು. ಆ ಬಣ್ಣ ಪುಡಿಯದೋ ಎಣ್ಣೆಯಲ್ಲಿ ಕರಗುವಂಥದೋ ಆಗಿರಲಿ. ಕೇಸರಿಬಾತಿಗೆ ಹಾಕುವ ನೀರು ಬಣ್ಣ ಸುರಿದರೆ ದಾವಣಗೆರೆಯ ಓದುಗರಿಗೆ ಆದದ್ದೇ ನಿಮಗೂ ಆಗುತ್ತದೆ. ಕಂದು ಬಣ್ಣದಲ್ಲೇ ಬಿಟ್ಟು ಮೇಲೆ ಒಣ ಕೊಬ್ಬರಿ ತುರಿ ಉದುರಿಸಿದರೆ ಹಿಮ ಬಿದ್ದ ಮರವಾಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಮಕ್ಕಳಿಗೆ ಉಳಿಯುವುದು ಅಲಂಕಾರದ ಕೆಲಸ. ಅಂಟಿಗೆ 100 ಗ್ರಾಂ ಐಸಿಂಗ್ ಸಕ್ಕರೆಗೆ ಮೂರು ಸಣ್ಣ ಚಮಚ ನಿಂಬೆರಸ ಹಾಕಿ ಗಟ್ಟಿಯಾಗಿ ಕಲಸಿ. ಹಾಲಿನಲ್ಲಿ ಕಲಸಿದರೆ ತರಗತಿಯ ಬಿಸಿಲಿಗೆ ಹುಳಿ ಬರುವ ಭಯ. ಜೆಮ್ಸ್ ಚಾಕಲೇಟು ಬಣ್ಣದ ದೀಪಗಳಾಗುತ್ತವೆ, ಸಕ್ಕರೆ ಹೊದಿಸಿದ ಬಣ್ಣದ ಬಡೇಸೋಪು ದೀಪದ ಸರವಾಗುತ್ತದೆ. ನಿಮ್ಮ ಭಾಗದ ಜಾತ್ರೆಗಳಲ್ಲಿ ಬೆಂಡು ಬತ್ತಾಸಿಗೆ ಕೊರತೆಯಿಲ್ಲ. ಬತ್ತಾಸನ್ನು ಕೈಯಲ್ಲೇ ಪುಡಿ ಮಾಡಿ ಮರದ ಬುಡದಲ್ಲಿ ಹರಡಿದರೆ ಅದಕ್ಕಿಂತ ಬಿಳಿಯ ಹಿಮ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತಟ್ಟೆಯ ಬದಲು ಒಂದೊಂದು ಮೇರಿ ಬಿಸ್ಕತ್ತನ್ನು ಪೀಠವಾಗಿ ಕೊಡಿ. ಕೈತೊಳೆದು ಒರೆಸಿಕೊಂಡ ಮೇಲೆಯೇ ಕೆಲಸ ಆರಂಭಿಸಲಿ, ಒದ್ದೆ ಕೈಗೆ ಜೆಮ್ಸ್‌ನ ಬಣ್ಣವೆಲ್ಲ ಹತ್ತಿಕೊಳ್ಳುತ್ತದೆ. ಯಾವ ಮಗುವಿಗಾದರೂ ಕಡಲೆಕಾಯಿಯೋ ಬೇರೆ ಬೀಜವೋ ಒಗ್ಗುವುದಿಲ್ಲವೇ ಎಂದು ಪೋಷಕರನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರಿ ಮನೆ. ನೆರೆಮನೆಯ ಕ್ರಿಶ್ಚಿಯನ್ ಕುಟುಂಬದೊಂದಿಗೆ ಬಹಳ ವರ್ಷಗಳ ಕೊಡುಕೊಳ್ಳುವಿಕೆ ಇದೆ. ಈ ಸಲ ಮಕ್ಕಳು ಮಾರ್ಷ್‌ಮೆಲೊ, ಜೆಲ್ಲಿ ಹಾಕಿ ಏನನ್ನೋ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಅವು ಸಸ್ಯಾಹಾರವೇ? (ಧಾರವಾಡ)

ಉತ್ತರ: ಕೆಲವು ಹೌದು, ಕೆಲವು ಅಲ್ಲ, ಪೊಟ್ಟಣ ತಿರುಗಿಸಿ ನೋಡುವುದೊಂದೇ ದಾರಿ. ಮಾರ್ಷ್‌ಮೆಲೊ ಮತ್ತು ಎಳೆದರೆ ರಬ್ಬರಿನಂತೆ ಹಿಗ್ಗುವ ಜೆಲ್ಲಿಗಳಿಗೆ ಆ ಗುಣ ಬರುವುದು ಸಾಮಾನ್ಯವಾಗಿ ಜೆಲಟಿನ್‌ನಿಂದ, ಮತ್ತು ಜೆಲಟಿನ್ ತಯಾರಾಗುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ. ಅದರ ಬದಲು ಹಣ್ಣಿನ ಪೆಕ್ಟಿನ್, ಕಡಲಪಾಚಿಯ ಅಗರ್ ಅಥವಾ ಗಂಜಿ ಬಳಸಿದ ಜೆಲ್ಲಿಗಳೂ ಇವೆ. ಭಾರತದಲ್ಲಿ ಮಾರುವ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ, ಇದರಲ್ಲಿ ಮೊಟ್ಟೆಯೂ ಸೇರುತ್ತದೆ. ವಿದೇಶದಿಂದ ಬಂಧುಗಳು ತಂದ ಪೊಟ್ಟಣದಲ್ಲಿ ಈ ಗುರುತು ಇಲ್ಲದಿದ್ದರೆ ಪದಾರ್ಥಗಳ ಪಟ್ಟಿಯನ್ನೇ ಓದಬೇಕಾಗುತ್ತದೆ. ಅಲ್ಲಿ ಬರಿಯ ಸಂಖ್ಯೆ ಬರೆದಿರುವುದುಂಟು: 440 ಪೆಕ್ಟಿನ್, 406 ಅಗರ್, ಎರಡೂ ನಿಮಗೆ ಸರಿ. 120 ಎಂದಿದ್ದರೆ ಅದು ಒಂದು ಬಗೆಯ ಕೀಟದಿಂದ ತೆಗೆದ ಕೆಂಪು ಬಣ್ಣ, 904 ಎಂದಿದ್ದರೆ ಹೊಳಪಿಗೆ ಬಳಿದ ಅರಗು. ಅರಗು ಕೂಡ ಕೀಟದಿಂದಲೇ ಬರುವುದಾದರೂ ಅದನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ, ಆ ತೀರ್ಮಾನ ನಿಮ್ಮ ಮನೆಯದು.

ಆದರೆ ಧಾರವಾಡದಲ್ಲಿ ಕುಳಿತು ಮಾರ್ಷ್‌ಮೆಲೊ ಹುಡುಕುವುದೇಕೆ ಎಂದು ನನಗೆ ಅನಿಸದೆ ಇರಲಿಲ್ಲ. ಸಂಕ್ರಾಂತಿ ಹತ್ತಿರ ಬರುತ್ತಿದೆ, ನಿಮ್ಮ ಪೇಟೆಯಲ್ಲಿ ಕುಸರೆಳ್ಳು ಸಿಗತೊಡಗುತ್ತದೆ. ಎಳ್ಳಿಗೆ ಸಣ್ಣ ಉರಿಯ ಮೇಲೆ ತೊಟ್ಟುತೊಟ್ಟಾಗಿ ಪಾಕ ಎರೆದು, ತಾಳ್ಮೆಯಿಂದ ಕೈಯಾಡಿಸಿ ಮುಳ್ಳು ಮೂಡಿಸಿದ ಆ ಪುಟ್ಟ ಬಿಳಿ ಕಾಳನ್ನು ಒಮ್ಮೆ ಕಪ್ಪು ಚಾಕಲೇಟಿನ ಮೇಲೆ ಇಟ್ಟು ನೋಡಿ. ಇಬ್ಬನಿ ಹೆಪ್ಪುಗಟ್ಟಿದಂತೆ ಕಾಣುತ್ತದೆ, ಕಚ್ಚಿದಾಗ ಎಳ್ಳಿನ ಘಮ ಬರುತ್ತದೆ. ಖರ್ಜೂರದ ಬೀಜ ತೆಗೆದು, ಒಳಗೆ ಹುರಿದ ಬಾದಾಮಿ ಇಟ್ಟು, ಕರಗಿಸಿದ ಡಾರ್ಕ್ ಚಾಕಲೇಟಿನಲ್ಲಿ ಅದ್ದಿ, ಅದು ಇನ್ನೂ ಹಸಿಯಿರುವಾಗ ಮೇಲೆ ಕುಸರೆಳ್ಳು ಉದುರಿಸಿದರೆ ಹತ್ತು ನಿಮಿಷದ ಕೆಲಸ. ಚಾಕಲೇಟು ಪೂರ್ತಿ ಆರಿದ ಮೇಲೆ ಉದುರಿಸಿದರೆ ಕಾಳು ನಿಲ್ಲುವುದಿಲ್ಲ, ತೀರಾ ಬಿಸಿಯಿರುವಾಗ ಹಾಕಿದರೆ ಮುಳುಗಿಹೋಗುತ್ತದೆ. ಹೊಳಪು ಮಾಸತೊಡಗುವ ಹೊತ್ತು ಸರಿಯಾದ ಹೊತ್ತು. ನೆರೆಯವರು ಇದನ್ನು ಬೇರೆ ಯಾರ ಮನೆಯಿಂದಲೂ ಪಡೆಯಲಾರರು.

ಪ್ರಶ್ನೆ: ಮನೆಯಲ್ಲಿ ಮೂರು ವರ್ಷದ ಮೊಮ್ಮಗನಿದ್ದಾನೆ, ಸಕ್ಕರೆ ಕಾಯಿಲೆಯ ನಾನೂ ಇದ್ದೇನೆ. ನಮಗೆ ಇವುಗಳಲ್ಲಿ ಯಾವುದು? (ತುಮಕೂರು)

ಉತ್ತರ: ಮೊಮ್ಮಗನಿಗೆ ಗಟ್ಟಿ ಪೆಪ್ಪರಮೆಂಟು, ಇಡಿಯ ಬಾದಾಮಿ, ಕಡಲೆ ಮಿಠಾಯಿಯ ಚೂರು ಯಾವುದೂ ಬೇಡ, ನಾಲ್ಕು ವರ್ಷ ತುಂಬುವವರೆಗೆ ಇಂಥವು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಮೇಲೆ ಹೇಳಿದ ಟ್ರಫಲಿನ ಮೆತ್ತನೆಯ ಉಂಡೆಯನ್ನು ಚಪ್ಪಟೆಯಾಗಿ ಒತ್ತಿ, ಚಿಕ್ಕ ತುಂಡು ಮಾಡಿ, ಕೂರಿಸಿ ತಿನ್ನಿಸಿ. ನಿಮ್ಮ ಪಾಲಿಗೆ ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಸಕ್ಕರೆರಹಿತ ಎಂದು ಬರೆದ ಚಾಕಲೇಟಿನಲ್ಲಿಯೂ ಕೊಬ್ಬು ಕಡಿಮೆಯೇನಿಲ್ಲ, ಅದರಲ್ಲಿ ಬಳಸುವ ಬದಲಿ ಸಿಹಿಗಳು ಹೆಚ್ಚಾದರೆ ಹೊಟ್ಟೆ ಕೆಡಿಸುವುದೂ ಉಂಟು.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹಬ್ಬ ಮುಗಿಯುವ ಹೊತ್ತಿಗೆ ಮನೆಯಲ್ಲಿ ಕೊಕ್ಕೆಯಾಕಾರದ ಕೆಂಪು ಬಿಳಿ ಕ್ಯಾಂಡಿ ಕೇನ್‌ಗಳ ರಾಶಿ ಉಳಿಯುತ್ತದೆ. ಯಾರೂ ತಿನ್ನುವುದಿಲ್ಲ, ಎಸೆಯಲು ಮನಸ್ಸು ಬರುವುದಿಲ್ಲ.

ಉತ್ತರ: ನಿಮ್ಮ ಊರಿನವರೇ ಕಂಡುಕೊಂಡ ಉಪಾಯ ಇದಕ್ಕಿದೆ, ಪೆಪ್ಪರ್‌ಮಿಂಟ್ ಬಾರ್ಕ್, ಮರದ ತೊಗಟೆಯಂತೆ ಅಡ್ಡಾದಿಡ್ಡಿಯಾಗಿ ಮುರಿದು ಕೊಡುವ ಚಾಕಲೇಟು. ಕ್ಯಾಂಡಿ ಕೇನ್ ಎಂಟು, ಡಾರ್ಕ್ ಚಾಕಲೇಟು 300 ಗ್ರಾಂ, ಬಿಳಿ ಚಾಕಲೇಟು 300 ಗ್ರಾಂ. ಕೇನ್‌ಗಳನ್ನು ಚೀಲದಲ್ಲಿ ಹಾಕಿ ಲಟ್ಟಣಿಗೆಯಿಂದ ಕುಟ್ಟಿ, ಜರಡಿ ಹಿಡಿಯಿರಿ. ಜರಡಿಯ ಮೇಲೆ ಉಳಿದ ಚೂರು ಮಾತ್ರ ಮೇಲಲಂಕಾರಕ್ಕೆ. ಕೆಳಗೆ ಬಿದ್ದ ಗುಲಾಬಿ ಪುಡಿಯನ್ನು ಮೇಲೆ ಹಾಕಿದರೆ ಕೊಳಕಾಗಿ ಕಾಣುತ್ತದೆ, ಅದನ್ನು ಬಿಳಿ ಚಾಕಲೇಟಿನೊಳಕ್ಕೆ ಬೆರೆಸಿಬಿಡಿ. ಬೆಣ್ಣೆ ಕಾಗದದ ಮೇಲೆ ಮೊದಲು ಡಾರ್ಕ್ ಚಾಕಲೇಟನ್ನು ತೆಳ್ಳಗೆ ಹರಡಿ. ಅದು ಬೆರಳಿಗೆ ಅಂಟದಷ್ಟು ಆರಿರಬೇಕು, ಆದರೆ ಕಲ್ಲಿನಂತೆ ಗಟ್ಟಿಯಾಗಿರಬಾರದು. ಆ ನಡುವಿನ ಹದದಲ್ಲಿ ಬಿಳಿಯದನ್ನು ಹೊಯ್ಯಿರಿ. ತಡಮಾಡಿದರೆ ಮುರಿಯುವಾಗ ಎರಡು ಪದರಗಳೂ ಬೇರೆಬೇರೆಯಾಗಿ ಎದ್ದು ಬರುತ್ತವೆ. ಕೂಡಲೇ ಚೂರುಗಳನ್ನು ಉದುರಿಸಿ ಅಂಗೈಯಿಂದ ಹಗುರವಾಗಿ ಒತ್ತಿ. ಪರಿಮಳ ಸಾಲದೆಂದರೆ ಪೆಪ್ಪರ್‌ಮಿಂಟ್ ಎಣ್ಣೆಯ ಎರಡು ಹನಿ ಸಾಕು. ಹಸಿ ಪುದೀನ ಅರೆದು ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ: ಅದರಲ್ಲಿ ನೀರಿದೆ, ರುಚಿಯೂ ಚಟ್ನಿಯ ಕಡೆಗೆ ಹೋಗುತ್ತದೆ.

ನಿಮ್ಮ ಚಳಿಗಾಲದ ಒಣ ಹವೆಯಲ್ಲಿ ಇದು ಡಬ್ಬಿಯಲ್ಲಿ ಎರಡು ವಾರ ಆರಾಮವಾಗಿ ಇರುತ್ತದೆ. ಜನವರಿಯಲ್ಲಿ ಊರಿಗೆ ಬರುವಾಗ ತರುವುದಾದರೆ ಮುರಿದ ತುಂಡುಗಳನ್ನು ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ ಗಾಳಿಯಾಡದಂತೆ ಕಟ್ಟಿ ತನ್ನಿ, ಒಂದು ಸಲಕ್ಕೆ ಒಂದನ್ನೇ ಒಡೆಯಿರಿ. ಬಂದ ಮನೆ ಕುಂದಾಪುರದ ಕಡೆಯದಾದರೆ ಒಡೆದ ಪೊಟ್ಟಣವನ್ನು ಆ ಸಂಜೆಯೇ ಖಾಲಿ ಮಾಡುವ ಹೊಣೆ ಮಕ್ಕಳಿಗೆ ಒಪ್ಪಿಸಿ.